ರಾಯಲ್ ಮಿಂಟ್‌ನಿಂದ ನೇರ ತರಿಸಿದ ಚಿನ್ನದ ಸವರನ್: ಯಾರಿಗೆ ಸರಿ, ಯಾರಿಗೆ ಬೇಡ

ಮೊದಲೇ ಹೇಳಿಬಿಡುತ್ತೇನೆ. ಕಾಫಿ ದುಡ್ಡು ಕೈಗೆ ಬಂದಿದೆ, ಸ್ವಲ್ಪ ಚಿನ್ನದಲ್ಲಿ ಹಾಕಿಡೋಣ ಅನ್ನೋ ಯೋಚನೆಯಲ್ಲಿ ಇದನ್ನು ಓದುತ್ತಿದ್ದರೆ, ಈ ನಾಣ್ಯ ನಿಮಗಲ್ಲ. ನಾಣ್ಯ ನೋಡಿದರೆ ಕೈ ತುರಿಸುವ ಜಾತಿ ನೀವಾದರೆ ಮುಂದೆ ಓದಿ. ಇದರಷ್ಟು ಅಚ್ಚುಕಟ್ಟಾದ ವಸ್ತು ನಮ್ಮ ಮನೆಗೆ ಬಂದಿರಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ, ಆದರೆ ದುಡ್ಡಿನ ಲೆಕ್ಕ ಬೇರೆ, ಅದನ್ನೂ ಹೇಳುತ್ತೇನೆ.

ನಾವು ತರಿಸಿದ್ದು 2023ರ ಸವರನ್. ಬ್ರಿಟನ್ನಿನ ಚಾರ್ಲ್ಸ್ ರಾಜನ ಪಟ್ಟಾಭಿಷೇಕದ ನೆನಪಿಗೆ ಅಲ್ಲಿನ ಸರ್ಕಾರಿ ಟಂಕಸಾಲೆ ರಾಯಲ್ ಮಿಂಟ್ ಹೊಡೆದ ಪ್ರೂಫ್ ನಾಣ್ಯ, ಅಂದರೆ ಸಂಗ್ರಹಕಾರರಿಗೆಂದೇ ವಿಶೇಷ ಹೊಳಪು ಕೊಟ್ಟದ್ದು. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ, ಟಂಕಸಾಲೆಯ ವೆಬ್‌ಸೈಟಿನಿಂದಲೇ ಬುಕ್ ಮಾಡಿ, ಅಲ್ಲಿನ ತನ್ನ ಮನೆಗೆ ತರಿಸಿಕೊಂಡು, ಮರುವರ್ಷ ಹುತ್ತರಿ ಹಬ್ಬಕ್ಕೆ ಕೊಡಗಿಗೆ ಬಂದಾಗ ಜೊತೆಗೆ ತಂದ. ಮಧ್ಯದಲ್ಲಿ ಡೀಲರ್ ಇಲ್ಲ, ಇಬೇ ಇಲ್ಲ, ಪರಿಚಯದವರ ಪರಿಚಯದವರು ಇಲ್ಲ. ನೇರ ಟಂಕಸಾಲೆಯಿಂದ ತಗೊಳ್ಳೋದರ ಮೊದಲ ಲಾಭವೇ ಅದು. ಸವರನ್ ಅನ್ನುವುದು ಲೋಕದಲ್ಲಿ ಅತಿ ಹೆಚ್ಚು ನಕಲಿ ಮಾಡಿದ ಚಿನ್ನದ ನಾಣ್ಯಗಳಲ್ಲಿ ಒಂದು. ಅಂಗಡಿಯಲ್ಲಿ ಅಸಲಿ ಅಂತ ಕೊಟ್ಟರೂ ಮನಸ್ಸಲ್ಲಿ ಒಂದು ಅನುಮಾನ ಉಳಿದೇ ಉಳಿಯುತ್ತೆ. ಇಲ್ಲಿ ಅದಿಲ್ಲ. ಬ್ರಿಟನ್ನಿನಲ್ಲಿ ಟ್ರಯಲ್ ಆಫ್ ದಿ ಪಿಕ್ಸ್ ಅಂತ ಒಂದು ಪರೀಕ್ಷೆ ಉಂಟು, 13ನೇ ಶತಮಾನದಿಂದ ಬಂದದ್ದು. ಟಂಕಸಾಲೆ ಹೊಡೆದ ನಾಣ್ಯಗಳಲ್ಲಿ ಕೆಲವನ್ನು ತೆಗೆದಿಟ್ಟು, ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಂಪನಿ ಅನ್ನುವ ಅಕ್ಕಸಾಲಿಗರ ಸಂಘದವರ ಮುಂದೆ ತೂಕ, ಶುದ್ಧತೆ ಎಲ್ಲ ನೋಡಿಸುತ್ತಾರೆ, ಪ್ರತಿ ವರ್ಷ. ಅಂದರೆ ಟಂಕಸಾಲೆಯನ್ನೂ ಸುಮ್ನೆ ನಂಬೋದಿಲ್ಲ, ಒರೆಗೆ ಹಚ್ಚಿಯೇ ನಂಬೋದು. ನನಗೆ ಈ ಪದ್ಧತಿ ಬಹಳ ಹಿಡಿಸಿತು.

ಈಗ ವಸ್ತುವಿಗೆ ಬರೋಣ. ಬಾಕ್ಸ್ ಚೆನ್ನಾಗಿದೆ, ಒಳಗೆ ಚಿಕ್ಕ ಪುಸ್ತಕ, ನಂಬರ್ ಇರುವ ಸರ್ಟಿಫಿಕೇಟ್, ಪ್ಲಾಸ್ಟಿಕ್ ಕ್ಯಾಪ್ಸೂಲಿನಲ್ಲಿ ನಾಣ್ಯ. ಬಾಕ್ಸ್ ನೋಡಿ ದೊಡ್ಡದೇನೋ ಇದೆ ಅಂದುಕೊಂಡರೆ ಬೇಸರ ಆಗಬಹುದು, ಯಾಕಂದ್ರೆ ನಾಣ್ಯ ಬರೀ 22.05 ಮಿಲಿಮೀಟರ್ ಅಗಲ. ತೂಕ 7.98 ಗ್ರಾಂ, 22 ಕ್ಯಾರೆಟ್. ನಮ್ಮ ಕಡೆ 8 ಗ್ರಾಮಿನ ಪವನು ಲೆಕ್ಕ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆ ಲೆಕ್ಕ ಬಂದದ್ದೇ ಈ ನಾಣ್ಯದಿಂದ. ಒಳಗಿರುವ ಅಪ್ಪಟ ಚಿನ್ನ 7.32 ಗ್ರಾಂ, ಉಳಿದದ್ದು ತಾಮ್ರ. ಆ ತಾಮ್ರದಿಂದಲೇ ಬಣ್ಣ ಸ್ವಲ್ಪ ಕೆಂಪು ತಿರುಗಿದ ಹಳದಿ.

ಕಿಟಕಿ ಹತ್ತಿರ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹಿನ್ನೆಲೆ ಪೂರ್ತಿ ಕನ್ನಡಿ. ಓರೆ ಮಾಡಿದರೆ ಕಪ್ಪಾಗಿ ಕಾಣುತ್ತೆ, ನೇರ ಮಾಡಿದರೆ ನಿಮ್ಮದೇ ಕಣ್ಣು ಕಾಣುತ್ತೆ. ಚಿತ್ರ ಇರುವ ಭಾಗ ಮಾತ್ರ ಮಂಜು ಹಿಡಿದ ಹಾಗೆ ಮಸುಕು. ಇದಕ್ಕೇ ಪ್ರೂಫ್ ಅನ್ನೋದು. ಬಿಲ್ಲೆಯನ್ನೂ ಅಚ್ಚನ್ನೂ ಮೊದಲೇ ಪಾಲಿಶ್ ಮಾಡಿ, ಒಂದಕ್ಕಿಂತ ಜಾಸ್ತಿ ಸಲ ನಿಧಾನಕ್ಕೆ ಒತ್ತುತ್ತಾರೆ, ಅದಕ್ಕೇ ಗೆರೆಗಳು ಅಷ್ಟು ಚೂಪು. ಒಂದು ಕಡೆ ಕಿರೀಟ ಇಟ್ಟ ಚಾರ್ಲ್ಸ್, ಎಡಕ್ಕೆ ಮುಖ, ಶಿಲ್ಪಿ ಮಾರ್ಟಿನ್ ಜೆನಿಂಗ್ಸ್ ಮಾಡಿದ್ದು. ಇನ್ನೊಂದು ಕಡೆ ಕುದುರೆ ಮೇಲೆ ಸಂತ ಜಾರ್ಜ್, ಕೈಯಲ್ಲಿ ಕತ್ತಿ, ಕಾಲಡಿ ಡ್ರ್ಯಾಗನ್. ಈ ಚಿತ್ರವನ್ನು ಬೆನೆಡೆಟ್ಟೊ ಪಿಸ್ಟ್ರುಚ್ಚಿ ಅನ್ನುವ ಇಟಲಿಯವನು ಮಾಡಿದ್ದು, 1817ರಲ್ಲಿ ಮೊದಲು ಬಂತು, ಸಣ್ಣಪುಟ್ಟ ಬದಲಾವಣೆಯೊಂದಿಗೆ ಇವತ್ತಿಗೂ ಬಳಕೆಯಲ್ಲಿದೆ. ಕೆಳಗೆ ಇಸವಿಯ ಬಲಕ್ಕೆ ಅವನ ಹೆಸರಿನ ಎರಡು ಅಕ್ಷರ, ಬಿ.ಪಿ. ಅಂತ, ಸಾಸಿವೆಗಿಂತ ಚಿಕ್ಕದು. ಬರಿಗಣ್ಣಿಗೆ ಚುಕ್ಕಿ. ಭೂತಗನ್ನಡಿಯಲ್ಲಿ ಅಕ್ಷರದ ಕಾಲು ಕೂಡ ಸ್ಪಷ್ಟ.

ಇಷ್ಟು ಹೊತ್ತು ನೋಡಿದ ಮೇಲೆ ಕೊಡಗಿನ ಮನೆಯಲ್ಲಿ ಮುಂದೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಅಮ್ಮನ ಪತ್ತಾಕ್ ಹೊರಗೆ ಬಂತು.

ಪತ್ತಾಕ್ ನೋಡದವರಿಗೆ: ಕೊಡವ ಹೆಣ್ಣುಮಕ್ಕಳು ಕರ್ತಮಣಿ ಸರಕ್ಕೆ ಹಾಕಿಕೊಳ್ಳುವ ಪದಕ. ಮೇಲೆ ಹೆಡೆ ಎತ್ತಿದ ನಾಗ, ಸುತ್ತ ಕೆಂಪು ಕಲ್ಲು, ನಟ್ಟನಡುವೆ ಒಂದು ಚಿನ್ನದ ನಾಣ್ಯ. ಹಳೇ ಪತ್ತಾಕಿನಲ್ಲಿ ಆ ನಾಣ್ಯ ಹೆಚ್ಚಾಗಿ ಅಸಲಿ ಸವರನ್, ವಿಕ್ಟೋರಿಯಾ ರಾಣಿಯದ್ದೋ ಜಾರ್ಜ್ ರಾಜನದ್ದೋ. ನಾನು ನೋಡಿದ ಹೊಸ ಪತ್ತಾಕುಗಳಲ್ಲಿ ಎಷ್ಟೋ ಕಡೆ ಅಂಗಡಿಯವರೇ ಒತ್ತಿಸಿದ ಬಿಲ್ಲೆ, ರಾಣಿಯ ಮೂಗು ಯಾರದೋ ಮೂಗು. ಅಮ್ಮನದು ಅಜ್ಜಿಯ ಕಾಲದ್ದು, 1896ರ ನಾಣ್ಯ. ತಲೆ ಮೇಲೆ ಸೆರಗು ಹೊದ್ದ ಹಾಗೆ ಮುಸುಕು ಹಾಕಿದ ಮುದಿ ವಿಕ್ಟೋರಿಯಾ, ಅವಳೂ ಎಡಕ್ಕೇ ನೋಡುತ್ತಿದ್ದಾಳೆ. ಹಿಂದೆ ಅದೇ ಕುದುರೆ, ಅದೇ ಕತ್ತಿ. ಕುದುರೆಯ ಕಾಲ ಕೆಳಗಿನ ನೆಲದ ಗೆರೆಯಲ್ಲಿ, ಇಸವಿಗೆ ಸರಿಯಾಗಿ ಮೇಲೆ, ಒಂದು ಪುಟ್ಟ ಎಂ ಅಕ್ಷರ. ಅಂದರೆ ಮೆಲ್ಬೋರ್ನ್. ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಬ್ರಿಟಿಷರು ಅಲ್ಲೇ ಟಂಕಸಾಲೆ ತೆರೆದಿದ್ದರು, ಸಿಡ್ನಿಯಲ್ಲಿ 1855ಕ್ಕೆ, ಮೆಲ್ಬೋರ್ನಿನಲ್ಲಿ 1872ಕ್ಕೆ, ಪರ್ತ್‌ನಲ್ಲಿ 1899ಕ್ಕೆ. ಅಲ್ಲಿ ಹೊಡೆದ ನಾಣ್ಯ ಯಾವ ಹಡಗು ಹತ್ತಿ ಯಾವ ದಾರಿಯಲ್ಲಿ ಕೊಡಗಿನ ಗುಡ್ಡ ಹತ್ತಿತೋ ದೇವರಿಗೇ ಗೊತ್ತು.

ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಹೊಸದರ ಬೆಲೆ ಗೊತ್ತಾಯಿತು, ಹಳೆಯದರದ್ದೂ ಗೊತ್ತಾಯಿತು. ಹಳೆಯದರಲ್ಲಿ ಡ್ರ್ಯಾಗನ್ನಿನ ರೆಕ್ಕೆ ಸವೆದು ನುಣ್ಣಗಾಗಿದೆ, ಕುದುರೆಯ ಸ್ನಾಯು ಹೋಗಿದೆ. ಹೊಸದರಲ್ಲಿ ರೆಕ್ಕೆಯ ಒಂದೊಂದು ಎಲುಬು ಎಣಿಸಬಹುದು. ಅಗಲ ಒಂದೇ, ಲೋಹ ಒಂದೇ, ಚಿತ್ರ ಒಂದೇ. ಇಷ್ಟು ವರ್ಷ ಅಳತೆ ಬದಲಾಯಿಸದೆ ಒಂದೇ ನಾಣ್ಯ ಹೊಡೆಯುವವರು ಬಹಳ ಇಲ್ಲ. ಸ್ಮರಣಾರ್ಥ ನಾಣ್ಯ ಅಂದ್ರೆ ನನಗೆ ಇದೇ ಇಷ್ಟ. ಏನೋ ಹೊಸ ಆಕಾರ, ಬಣ್ಣ ಬಳಿದದ್ದು, ಕಾರ್ಟೂನ್ ಇರುವುದು, ಅವೆಲ್ಲ ಆಟದ ಸಾಮಾನು.

ಇಲ್ಲೇ ಒಂದು ಮಾತು. ಮನೆಯಲ್ಲಿ ಹಳೇ ಪತ್ತಾಕ್ ಇದ್ದರೆ ಕರಗಿಸುವ ಮೊದಲು ಭೂತಗನ್ನಡಿ ಹಿಡಿದು ಇಸವಿ ನೋಡಿ. 1918 ಇದ್ದು, ಅದರ ಮೇಲಿನ ನೆಲದ ಗೆರೆಯಲ್ಲಿ ಇಂಗ್ಲಿಷಿನ ಐ ಅಕ್ಷರ ಇದ್ದರೆ ಅದು ಬಾಂಬೆಯಲ್ಲಿ ಹೊಡೆದದ್ದು. ರಾಯಲ್ ಮಿಂಟ್‌ನ ಶಾಖೆ ಬಾಂಬೆಯಲ್ಲಿ ಸವರನ್ ಹೊಡೆದದ್ದು ಆ ಒಂದೇ ವರ್ಷದ ಇಸವಿಗೆ. ಆಮೇಲೆ ಐ ಗುರುತು ಮತ್ತೆ ಕಂಡದ್ದು 2013ರಲ್ಲಿ, ಹರಿಯಾಣದ ಎಂಎಂಟಿಸಿ-ಪ್ಯಾಂಪ್ ಕಾರ್ಖಾನೆ ರಾಯಲ್ ಮಿಂಟ್ ಪರವಾಗಿ ಸವರನ್ ಹೊಡೆದಾಗ. ಚಿನ್ನದ ಕೆಲಸದ ಆಚಾರ್ರು ಇದನ್ನೆಲ್ಲ ನೋಡೋದಿಲ್ಲ, ಅವರಿಗೆ ಎಲ್ಲವೂ 8 ಗ್ರಾಂ ಚಿನ್ನ.

ಆಚಾರ್ರು ಅಂದಾಗ ನೆನಪಾಯಿತು. ಇದನ್ನು ಇಲ್ಲಿ ಮಾರಿದರೆ ಏನು ಸಿಗುತ್ತೆ ಅಂತ ತಿಳಿಯೋಕೆ ಗೋಣಿಕೊಪ್ಪದ ಒಂದು ಅಂಗಡಿಗೆ ತಗೊಂಡು ಹೋಗಿದ್ದೆ. ಮಾರೋಕಲ್ಲ, ಸುಮ್ನೆ ಕೇಳೋಕೆ. ಕೌಂಟರಿನವರು ಬಾಕ್ಸ್ ತೆಗೆದು ಪಕ್ಕಕ್ಕಿಟ್ಟರು, ಸರ್ಟಿಫಿಕೇಟ್ ಓದಲೇ ಇಲ್ಲ. ಕ್ಯಾಪ್ಸೂಲನ್ನು ತಿರುಗಿಸಿ ತಿರುಗಿಸಿ ಎಲ್ಲಿ ಬಿಚ್ಚೋದು ಅಂತ ಉಗುರು ಹಾಕತೊಡಗಿದರು. ಇನ್ನೊಂದು ಕೈ ಆಗಲೇ ಒರೆಗಲ್ಲಿನ ಮೇಲೆ ಹೋಗಿತ್ತು.

"ಅಯ್ಯೋ, ಉಜ್ಜಬೇಡಿ ಅಣ್ಣಾ" ಅಂದೆ.

"ಉಜ್ಜದೆ ರೇಟ್ ಹೇಳೋದು ಹೇಗೆ ಮೇಡಂ?"

ಅವರ ಮಾತು ಅವರಿಗೆ ಸರಿ. ಕ್ಯಾಪ್ಸೂಲ್ ವಾಪಸ್ ತಗೊಂಡು ಹಾಗೇ ಅಂದಾಜಿಗೆ ಹೇಳಿ ಅಂದೆ. ಸವರನ್ ಆದರೆ 916 ಇರುತ್ತೆ, 8 ಗ್ರಾಂಗೆ ಒಂಚೂರು ಕಮ್ಮಿ, ಇವತ್ತಿನ ರೇಟಿಗೆ ಹಳೇ ಚಿನ್ನದ ಲೆಕ್ಕದಲ್ಲಿ ತಗೊಳ್ತೇವೆ, ಸ್ವಲ್ಪ ಕಡಿತ ಇರುತ್ತೆ ಅಂದರು. ಪ್ರೂಫ್, ಪಟ್ಟಾಭಿಷೇಕ, ಪಿಸ್ಟ್ರುಚ್ಚಿ, ಯಾವುದಕ್ಕೂ ಒಂದು ರೂಪಾಯಿ ಇಲ್ಲ. ನಾನು ವಾದ ಮಾಡಲಿಲ್ಲ. ಮಾಡಿ ಪ್ರಯೋಜನವೂ ಇಲ್ಲ.

ಲೆಕ್ಕ ಹೀಗಿದೆ ನೋಡಿ. ಸುಲಭಕ್ಕೆ ಅಪ್ಪಟ ಚಿನ್ನ ಗ್ರಾಂಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ನಾಣ್ಯದೊಳಗಿನ ಚಿನ್ನ 73,200 ರೂಪಾಯಿಯದು. ಪ್ರೂಫ್ ಕೆಲಸ, ಬಾಕ್ಸ್, ಸರ್ಟಿಫಿಕೇಟ್, ಟಂಕಸಾಲೆಯ ಹೆಸರು ಎಲ್ಲ ಸೇರಿ ನೀವು 1,10,000 ಕೊಟ್ಟಿರಿ ಅಂದುಕೊಳ್ಳೋಣ. ಅಂಗಡಿಯಲ್ಲಿ ಕರಗಿಸೋಕೆ ಕೊಟ್ಟ ಕ್ಷಣ 36,800 ರೂಪಾಯಿ ಗಾಳಿಗೆ ಹೋಯಿತು, ಮೇಲಿಂದ ಅವರ ಕಡಿತ. ಚಿನ್ನದ ರೇಟೇ ಏರಿ ಆ ವ್ಯತ್ಯಾಸ ಮುಚ್ಚಿದರೆ ಅದು ಚಿನ್ನದ ಪುಣ್ಯ, ನಾಣ್ಯದ್ದಲ್ಲ. ಸಂಗ್ರಹಕಾರರು ಸಿಕ್ಕಿದರೆ ಪೂರ್ತಿ ಬೆಲೆ ಬರಬಹುದು. ಆದರೆ ಅಂಥವರು ಇಂಗ್ಲೆಂಡಿನಲ್ಲಿ ಸಿಕ್ಕಷ್ಟು ಸುಲಭವಾಗಿ ವಿರಾಜಪೇಟೆಯಲ್ಲಿ ಸಿಗೋದಿಲ್ಲ ಅಲ್ವಾ.

ಲಿಮಿಟೆಡ್ ಎಡಿಷನ್ ಅನ್ನುವ ಮಾತಿಗೆ ಬೇಗ ಮರುಳಾಗಬೇಡಿ. ಯಾವ ದೇಶದ ಟಂಕಸಾಲೆಯಾದರೂ ಇದೇ ಆಟ. ಒಂದೇ ಸಂದರ್ಭಕ್ಕೆ ಒಂದು ಡಜನ್ ಸೈಜು, ಒಂದೊಂದು ಸೈಜಿಗೆ ಬೇರೆ ಬೇರೆ ಫಿನಿಶ್, ಬೇರೆ ಬಾಕ್ಸ್, ಪ್ರತಿಯೊಂದೂ ಲಿಮಿಟೆಡ್. ಸವರನ್ನಿನಲ್ಲೇ ಐದು, ಎರಡು, ಒಂದು, ಅರ್ಧ, ಕಾಲು ಅಂತ ಕುಟುಂಬವೇ ಇದೆ. ಕಾಲು ಸವರನ್ 2009ರಿಂದ ಸೇರಿಕೊಂಡದ್ದು, ನೋಡೋಕೆ ಮುದ್ದು, ಗ್ರಾಂ ಲೆಕ್ಕ ಹಾಕಿದರೆ ದುಬಾರಿ. ಎಲ್ಲ ಒಟ್ಟಿಗೆ ಸೆಟ್ ತಗೊಂಡರೆ ತೋಟದ ಒಂದು ಮೂಲೆ ಬರೆದುಕೊಡಬೇಕಾದೀತು. ಒಂದೇ ಒಂದು, ನಿಮಗೆ ಹಿಡಿಸಿದ ವರ್ಷದ್ದು, ಸಾಕು.

ತರಿಸುವ ದಾರಿ. ಹೊರದೇಶದ ಟಂಕಸಾಲೆಯಿಂದ ಪೋಸ್ಟಿನಲ್ಲಿ ಇಲ್ಲಿಗೆ ತರಿಸುವ ಯೋಚನೆ ಬಿಟ್ಟುಬಿಡಿ, ನಮ್ಮಲ್ಲಿ ಚಿನ್ನದ ಆಮದಿನ ನಿಯಮ ಬಿಗಿ. ತಮ್ಮನ ಹಾಗೆ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದು ಬರುವವರು ಸುಂಕ ಕಟ್ಟಿ ತರಬಹುದು. ಒಡವೆಗೆ ಇರುವ ವಿನಾಯಿತಿ ನಾಣ್ಯಕ್ಕೆ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸುಂಕ ವಿದೇಶಿ ಕರೆನ್ಸಿಯಲ್ಲೇ ಕಟ್ಟಬೇಕು. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಸುಂಕವನ್ನು ಶೇಕಡಾ 15ರಿಂದ 6ಕ್ಕೆ ಇಳಿಸಿದ್ದರು, ಇವನು ಬಂದದ್ದು ಅದಾದ ಮೇಲೆ, ಹಾಗಾಗಿ ಹೊರೆ ಕಮ್ಮಿಯಾಯಿತು. ಬೆಂಗಳೂರಿನಲ್ಲಿ ಇಳಿದು, ಸುಂಕದ ಸಾಮಾನು ಇದೆ ಅಂತ ಹೇಳುವವರ ಕೆಂಪು ದಾರಿಗೆ ಹೋಗಿ, ಟಂಕಸಾಲೆಯ ಬಿಲ್ ತೋರಿಸಿ, ಸುಂಕ ಕಟ್ಟಿ ರಸೀದಿ ತಗೊಂಡು ಬಂದ. "ಜೇಬಲ್ಲಿ ಹಾಕಿ ಸುಮ್ನೆ ನಡಿ ಮಾರಾಯ, ಯಾರು ನೋಡ್ತಾರೆ" ಅಂತ ಭಾವ ಫೋನಿನಲ್ಲಿ ಉಪದೇಶ ಮಾಡಿದ್ದರು, ಅದನ್ನು ಕೇಳದಿದ್ದದ್ದು ಒಳ್ಳೇದಾಯಿತು. ಆ ರಸೀದಿ ನಾಣ್ಯದ ಜೊತೆ ಇರಲೇಬೇಕು. ಅದಿಲ್ಲದೆ ಮುಂದೆ ಮಾರುವಾಗ ಕೇಳುವ ಪ್ರಶ್ನೆಗಳಿಗೆ ಉತ್ತರ ಇರೋದಿಲ್ಲ.

ಇಷ್ಟೆಲ್ಲ ಯಾಕೆ, ನಮ್ಮ ದೇಶದ ಟಂಕಸಾಲೆಯದೇ ತಗೋಬಹುದಲ್ಲ ಅಂತ ಕೇಳಿದರೆ, ಧಾರಾಳವಾಗಿ ತಗೊಳ್ಳಿ. ನಾನೂ ತರಿಸುತ್ತೇನೆ. ಆದರೆ ನಮ್ಮಲ್ಲಿ ಸ್ಮರಣಾರ್ಥ ನಾಣ್ಯ ಅಂದರೆ ಹೆಚ್ಚಾಗಿ ಬೆಳ್ಳಿ ಬೆರೆತದ್ದು. ಸ್ಮರಣಾರ್ಥ ನಾಣ್ಯ ಹೊಡೆಯುವ ಪರಂಪರೆ ಶುರುವಾದದ್ದು 1964ರಲ್ಲಿ, ನೆಹರೂ ನೆನಪಿಗೆ. 2023ರಲ್ಲಿ ಹೊಸ ಸಂಸತ್ ಭವನಕ್ಕೆ ಬಂದ 75 ರೂಪಾಯಿ ನಾಣ್ಯವನ್ನೇ ನೋಡಿ, 44 ಮಿಲಿಮೀಟರ್ ಅಗಲ, 35 ಗ್ರಾಂ, ಅರ್ಧ ಬೆಳ್ಳಿ, 40 ಭಾಗ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಅಂಗೈ ತುಂಬುತ್ತೆ. ಕೈಗೆ ಸಿಗುವ ಖುಷಿಯಲ್ಲಿ ಅದು ಸವರನ್ನಿಗಿಂತ ಮೇಲೆ, ಬೆಲೆಯಲ್ಲಿ ಬಹಳ ಕೆಳಗೆ. ಮುಖಬೆಲೆಗಿಂತ ಜಾಸ್ತಿ ಕೊಟ್ಟು ತಗೋಬೇಕು, ಅಂಗಡಿಯಲ್ಲಿ ಕೊಟ್ಟು ಸಾಮಾನು ತರೋಕೆ ಅಲ್ಲ. 2011ರ ನಾಣ್ಯ ಕಾಯ್ದೆ ಪ್ರಕಾರ ಕರಗಿಸುವಂತೆಯೂ ಇಲ್ಲ. ನಾಣ್ಯ ಯಾವ ಟಂಕಸಾಲೆಯದು ಅಂತ ಅದರ ಮೇಲಿನ ಗುರುತೇ ಹೇಳುತ್ತೆ: ಮುಂಬೈದಕ್ಕೆ ವಜ್ರದ ಗುರುತು, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ, ಕೋಲ್ಕತ್ತಾಕ್ಕೆ ಏನೂ ಇಲ್ಲ. ಮಕ್ಕಳಿಗೆ ಈ ಹವ್ಯಾಸ ಹಿಡಿಸಬೇಕು ಅಂದ್ರೆ ಇಲ್ಲಿಂದ ಶುರು ಮಾಡಿ, ಚಿಲ್ಲರೆ ಡಬ್ಬಿಯಲ್ಲಿರುವ ನಾಣ್ಯದಲ್ಲೇ ಈ ಗುರುತು ಹುಡುಕಿಸಬಹುದು.

ಚಿನ್ನವೇ ಬೇಕು, ಉಳಿತಾಯಕ್ಕೆ ಬೇಕು ಅಂದರೆ 2015ರ ನವೆಂಬರ್‌ನಲ್ಲಿ ಶುರುವಾದ ಇಂಡಿಯನ್ ಗೋಲ್ಡ್ ಕಾಯಿನ್ ಸಿಗುತ್ತಾ ನೋಡಿ. ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ, 24 ಕ್ಯಾರೆಟ್, 5 ಮತ್ತು 10 ಗ್ರಾಂ ಅಳತೆಯಲ್ಲಿ ಬಂದದ್ದು. ಇಲ್ಲಿ ಚಿನ್ನದ ನಾಣ್ಯ ತಗೊಂಡರೆ ಶೇಕಡಾ 3 ಜಿಎಸ್‌ಟಿ ಅಂತೂ ಇದ್ದದ್ದೇ. ಬ್ಯಾಂಕಿನಲ್ಲಿ ಮಾರುವ ನಾಣ್ಯದ ವಿಷಯ ಮಾತ್ರ ನೆನಪಿಡಿ. ಮಾರಿದ ಬ್ಯಾಂಕು ವಾಪಸ್ ತಗೊಳ್ಳೋದಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗೆ. ಅಡವಿಟ್ಟು ಸಾಲ ಬೇಕಾದರೂ ನಾಣ್ಯಕ್ಕೆ ಮಿತಿ ಉಂಟು, ಒಬ್ಬರಿಗೆ 50 ಗ್ರಾಂ ತನಕ. ಮಳೆಗಾಲದಲ್ಲಿ ಕೈ ಖಾಲಿಯಾದಾಗ ಒಡವೆ ಅಡವಿಡುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ಆ ಕೆಲಸಕ್ಕೆ ಸರ ಬಳೆಯಷ್ಟು ಉಪಯೋಗ ಹೊರದೇಶದ ನಾಣ್ಯದಿಂದ ಇಲ್ಲ.

ಮಳೆಗಾಲದ ವಿಷಯ ಬಂತು, ಇದು ಕೊಡಗಿನವರಿಗೆ ಮಾತ್ರ. ಟಂಕಸಾಲೆಯ ಚೆಂದದ ಬಾಕ್ಸ್ ಇಲ್ಲಿನ ಜೂನ್ ಜುಲೈಗೆ ಮಾಡಿದ್ದಲ್ಲ. ಚರ್ಮದ ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಮನೆಯಲ್ಲಿ ಬಾಕ್ಸಿನ ಒಳಗಿನ ಬಟ್ಟೆ ಮಾತ್ರ ಬಚಾವಾಗುತ್ತಾ? ಒಂದೇ ಮಳೆಗಾಲಕ್ಕೆ ಬಿಳಿ ಚುಕ್ಕೆ ಬಂತು. ಚಿನ್ನಕ್ಕೆ ತುಕ್ಕಿಲ್ಲ ಅನ್ನೋದು ಅಪ್ಪಟ ಚಿನ್ನದ ಮಾತು. 22 ಕ್ಯಾರೆಟ್ಟಿನಲ್ಲಿ ತಾಮ್ರ ಇದೆ, ಅದು ಸರಿಯಾಗಿ ಬೆರೆಯದ ಜಾಗದಲ್ಲಿ ತೇವಕ್ಕೆ ಕೆಂಪು ಚುಕ್ಕೆ ಬರಬಹುದು. ಒಡವೆಯಲ್ಲಾದರೆ ಯಾರೂ ಗಮನಿಸೋದಿಲ್ಲ. ಕನ್ನಡಿಯಂಥ ಪ್ರೂಫ್ ನಾಣ್ಯದಲ್ಲಿ ಅದು ಮುಖಕ್ಕೆ ಹೊಡೆದ ಹಾಗೆ ಕಾಣುತ್ತೆ. ನಾನು ಮಾಡುವುದು ಇಷ್ಟೇ: ನಾಣ್ಯ ಕ್ಯಾಪ್ಸೂಲಿನಲ್ಲೇ ಇರುತ್ತೆ, ಕ್ಯಾಪ್ಸೂಲ್ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣವನ್ನು ಆಗಾಗ ಬದಲಾಯಿಸಬೇಕು, ಇಲ್ಲಾಂದ್ರೆ ಅದೇ ತೇವ ಹಿಡಿದು ಕೂತಿರುತ್ತೆ. ಬಾಕ್ಸ್, ಸರ್ಟಿಫಿಕೇಟ್ ಬೇರೆ ಕಡೆ, ಜಿಪ್ ಕವರಿನಲ್ಲಿ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರಿಗೆ ನಾಣ್ಯ ಹಾಕಲೇಬೇಡಿ, ಬರಬರುತ್ತಾ ಅಂಟಂಟಾಗಿ ಹಸಿರು ಬಿಡುತ್ತೆ. ಬ್ಯಾಂಕ್ ಲಾಕರಿನಲ್ಲಿ ಇಟ್ಟರೂ ಇದೇ ಉಪಚಾರ ಬೇಕು, ಲಾಕರ್ ಕೋಣೆಯೇನು ಕೊಡಗಿನ ಹೊರಗಿಲ್ಲ. ಮತ್ತೆ, ಬೆರಳು ತಾಗಿಸಬೇಡಿ. ಹುತ್ತರಿಗೆ ಬಂದ ನೆಂಟರೆಲ್ಲ ನೋಡಬೇಕು ಅಂದಾಗ ಕ್ಯಾಪ್ಸೂಲ್ ಸಮೇತ ಕೈಗೆ ಕೊಡಿ. ನಮ್ಮ ಚಿಕ್ಕಮ್ಮ ಅದನ್ನು ಹಲ್ಲಿಗೆ ಇಡುವ ತನಕ ಹೋಗಿದ್ದರು.

ಕೊನೆಗೆ ಮನೆಯಲ್ಲಿ ಇನ್ನೂ ಮುಗಿಯದ ಚರ್ಚೆ. ತಂಗಿ ಮಗಳ ಮದುವೆಗೆ ಹೊಸ ಪತ್ತಾಕ್ ಮಾಡಿಸಬೇಕು, ಈ ನಾಣ್ಯವನ್ನೇ ಹಾಕಿಸೋಣ ಅನ್ನುವುದು ಅಮ್ಮನ ಹಠ. ಅಂಚಿಗೆ ಬೆಸುಗೆ ಬಿದ್ದ ದಿನ ಪ್ರೂಫ್ ಅನ್ನುವುದಕ್ಕೆ ಕೊಟ್ಟ ದುಡ್ಡೆಲ್ಲ ಹೋದ ಹಾಗೆಯೇ. ಪತ್ತಾಕಿಗೆ ಬೇಕಾದ್ದು ಬುಲಿಯನ್ ಸವರನ್. ಅದೂ ಅದೇ ಟಂಕಸಾಲೆಯದು, ಅದೇ ತೂಕ, ಅದೇ ಚಿನ್ನ, ಅದೇ ಕುದುರೆ. ಕನ್ನಡಿ ಹೊಳಪು ಮತ್ತು ಬಾಕ್ಸ್ ಇಲ್ಲ, ಬೆಲೆ ಚಿನ್ನದ ರೇಟಿಗೆ ಹತ್ತಿರ. ಮೈಮೇಲೆ ಹಾಕಿ, ಬೆವರು ತಾಗಿ, ಸವೆಯುವುದಕ್ಕೆ ಅದು ಸರಿ. ತಮ್ಮನಿಗೆ ಮುಂದಿನ ಸಲ ಅದನ್ನೇ ತಾ ಅಂತ ಹೇಳಿಟ್ಟಿದ್ದೇನೆ. ಅಮ್ಮ ಮಾತ್ರ ಒಪ್ಪಿಲ್ಲ. "ಹೊಳೆಯೋದನ್ನ ಡಬ್ಬಿಯಲ್ಲಿ ಇಡ್ತಿ, ಹೊಳೆಯದ್ದನ್ನ ಮದುಮಗಳ ಕತ್ತಿಗೆ ಹಾಕ್ತಿ, ಇದು ಯಾವ ನ್ಯಾಯ?" ಅಂತ ಕೇಳುತ್ತಾರೆ.